ಪಾರಿವಾಳದ ಗೋಪುರ ನೋಡಿದ ಮೇಲೆ ಅಪ್ಪಯ್ಯನಿಗೆ ಬರೆದ ಪತ್ರ

ರೂಆಂ, ಫ್ರಾನ್ಸ್

ತೀರ್ಥರೂಪ ಅಪ್ಪಯ್ಯನವರಿಗೆ ಸಾಷ್ಟಾಂಗ ನಮಸ್ಕಾರಗಳು. ನಾನು ಇಲ್ಲಿ ಕ್ಷೇಮವಾಗಿದ್ದೇನೆ. ನೀವೂ ಆಯಿಯೂ ಕ್ಷೇಮವೆಂದು ನಂಬಿದ್ದೇನೆ.

ಮಂಗಗಳು ಈ ಸಲವೂ ತೋಟದಲ್ಲಿ ಬಾಳೆ ಉಳಿಸಲಿಲ್ಲವೆಂದು ನೀವು ಬರೆದದ್ದನ್ನು ಓದಿದ ಮರು ಭಾನುವಾರವೇ ನಾನು ದಿಯೆಪ್ ಬಂದರಿನ ಹತ್ತಿರದ ವಾರಾಂಜ್‌ವಿಲ್ ಎಂಬ ಹಳ್ಳಿಗೆ ಹೋಗಿ, ಆಂಗೊ ಎಂಬ ಹಡಗು ವ್ಯಾಪಾರಿಯ ಮನೆಯನ್ನು ನೋಡಿ ಬಂದೆ. ಅರಮನೆಯೆನ್ನಲು ಚಿಕ್ಕದು, ಮನೆಯೆನ್ನಲು ದೊಡ್ಡದು. ಇಲ್ಲಿಯವರು ಇಂಥದನ್ನು ‘ಮನ್ವಾರ್’ ಎನ್ನುತ್ತಾರೆ. ಸುಮಾರು 1530ರಿಂದ 1545ರ ನಡುವೆ ಕಟ್ಟಿದ್ದು. ದೊಡ್ಡ ಅಂಗಳದ ಸುತ್ತ ಕಟ್ಟಡಗಳು, ಒಂದು ಬದಿಗೆ ಇಟಲಿಯ ಮಾದರಿಯ ಕಮಾನುಗಳ ಜಗಲಿ. ಈ ಮನುಷ್ಯನ ಹಡಗುಗಳು ಪೋರ್ಚುಗೀಸರ ಕಣ್ತಪ್ಪಿಸಿ ಮೆಣಸು ತರಲು 1529ರಲ್ಲಿ ಸುಮಾತ್ರಾದವರೆಗೆ ಹೋಗಿದ್ದವು. ಮುಂದಾಳುಗಳಾಗಿದ್ದ ಪಾರ್ಮಾಂತಿಯೆ ಸಹೋದರರಿಬ್ಬರೂ ಊರಿಗೆ ಮರಳಲಿಲ್ಲ. ನಮ್ಮ ಅಡಿಕೆ ಮರಕ್ಕೆ ಹಬ್ಬಿದ ಬಳ್ಳಿಯನ್ನು ನೆನೆದು ನನಗೆ ಒಂದು ಕ್ಷಣ ಕಸಿವಿಸಿಯಾಯಿತು.

ಆದರೆ ನಾನು ಹೇಳಹೊರಟದ್ದು ಅಂಗಳದ ನಡುವಿನ ಪಾರಿವಾಳದ ಗೋಪುರದ ವಿಷಯ. ಇಟ್ಟಿಗೆ, ಮರಳುಗಲ್ಲು ಹಾಗೂ ಕಪ್ಪು ಚಕಮಕಿ ಕಲ್ಲುಗಳನ್ನು ಚಾಪೆಯ ಹೆಣಿಗೆಯಂತೆ ಜೋಡಿಸಿದ ಆ ದುಂಡು ಗೋಡೆಯ ಅಂದವನ್ನು ನೋಡಿದವರಿಗೆ ಅದು ಹಕ್ಕಿಗಳಿಗಾಗಿ ಕಟ್ಟಿದ್ದೆಂದು ನಂಬಲಾಗದು. ಒಳಗೆ 1600ರಷ್ಟು ಗೂಡುಗಳಿವೆಯಂತೆ, ಗೂಡಿಗೊಂದು ಜೋಡಿ. ಮಾಂಸಕ್ಕೆ ಮರಿಗಳು, ಹೊಲಕ್ಕೆ ಹಿಕ್ಕೆಯ ಗೊಬ್ಬರ ಎರಡೂ ಯಜಮಾನನಿಗೆ. ಮೇವು ಮಾತ್ರ ಸುತ್ತಲಿನ ರೈತರ ಹೊಲದ್ದು. ಈ ಸೀಮೆಯಾದ ನಾರ್ಮಂಡಿಯಲ್ಲಿ ಇಂಥ ಗೋಪುರ ಕಟ್ಟುವ ಹಕ್ಕು ಜಹಗೀರುದಾರನಿಗಷ್ಟೇ ಇದ್ದುದರಿಂದ, ಬಿತ್ತಿದ ಕಾಳನ್ನು ಕಣ್ಣೆದುರೇ ಹೆಕ್ಕುವ ಹಕ್ಕಿಯನ್ನು ರೈತ ಓಡಿಸಬಹುದಿತ್ತೇ ಹೊರತು ಕೊಲ್ಲುವ ಹಾಗಿರಲಿಲ್ಲ. ನಿಮ್ಮ ಪತ್ರದ ಮಾತೇ ಇದು ಎನಿಸಿತು, ಯಜಮಾನನೊಬ್ಬನನ್ನು ಬಿಟ್ಟರೆ.

ಆಂಗೊ ಸಾಲ, ವ್ಯಾಜ್ಯಗಳಲ್ಲಿ ಮುಳುಗಿ 1551ರಲ್ಲಿ ತೀರಿಕೊಂಡ. ಮನೆ ಬಹುಕಾಲ ಬೇಸಾಯದವರ ಕೈಯಲ್ಲಿತ್ತು. ಪಾರಿವಾಳದ ಹಕ್ಕು ಮಾತ್ರ ಅವನ ಹಿಂದೆಯೂ ಇನ್ನೂರು ವರ್ಷಕ್ಕೂ ಮಿಕ್ಕಿ ಬಾಳಿತು. 1789ರಲ್ಲಿ ರಾಜನಿಗೆ ಸಲ್ಲಿಸಲು ಹಳ್ಳಿಹಳ್ಳಿಗಳಲ್ಲಿ ದೂರುಗಳನ್ನು ಬರೆಸಿದಾಗ ಅವುಗಳಲ್ಲಿ ಪಾರಿವಾಳದ ಕಾಟವೂ ಸೇರಿತ್ತು. ಅದೇ ಆಗಸ್ಟ್‌ನಲ್ಲಿ ಜಹಗೀರುದಾರರ ಹಕ್ಕುಗಳನ್ನು ರದ್ದುಮಾಡಿದ ಕಾನೂನಿನ ಎರಡನೆಯ ಕಲಮು ಪೂರ್ತಿಯಾಗಿ ಈ ಹಕ್ಕಿಗೇ ಮೀಸಲು: ಊರವರು ಗೊತ್ತುಮಾಡಿದ ಅವಧಿಯಲ್ಲಿ ಪಾರಿವಾಳಗಳನ್ನು ಕೂಡಿಹಾಕಬೇಕು, ಆಗ ಹೊರಬಂದದ್ದನ್ನು ರೈತ ತನ್ನ ಹೊಲದಲ್ಲಿ ಕೊಲ್ಲಬಹುದು.

ಆ ಕಲಮನ್ನು ಕನ್ನಡಕ್ಕೆ ಇಳಿಸಿ ಮುಂದಿನ ಪತ್ರದಲ್ಲಿ ಕಳುಹಿಸುತ್ತೇನೆ. ಊರಿನವರಿಗೆ ಓದಿ ಹೇಳುವುದಿದ್ದರೆ, ಅದು ಫ್ರಾನ್ಸಿನ ಪಾರಿವಾಳಗಳಿಗೆ ಮಾತ್ರವೆಂದು ಮೊದಲೇ ತಿಳಿಸಿಬಿಡಿ. ಇಲ್ಲವಾದರೆ ಯಾರಾದರೂ ಅಟ್ಟದ ಮೇಲಿನ ಕೋವಿ ಇಳಿಸಿಯಾರು.

ಆಯಿಗೆ ನಮಸ್ಕಾರ ತಿಳಿಸಿ.

ಇಂತಿ ನಿಮ್ಮ ಮಗ