ಮೊದಲ ರನ್ ಓವರ್ ಆದ ಗೆಳೆಯನಿಗೆ

ಪ್ರಿಯ ಗೆಳೆಯಾ,

ನೀನು ಓಡಿಸುತ್ತಿದ್ದ ರೈಲಿಗೆ ಮೊದಲ ಸಲ ಒಬ್ಬರು ಸಿಕ್ಕಿ ಸತ್ತರು, ರೈಲು ಓಡಿಸುವ ನಮ್ಮ ಮಾತಿನಲ್ಲಿ ರನ್ ಓವರ್. ಮೊನ್ನೆ ಫೋನಿನಲ್ಲಿ ನೀನು ಮೂರು ಸಲ "ಏನೂ ಆಗಿಲ್ಲ, ಆರಾಮಾಗಿದ್ದೇನೆ" ಎಂದೆ. ಮೂರನೆಯ ಸಲ ಹೇಳಿದಾಗಲೇ ನನಗೆ ಅನುಮಾನ ಬಂದದ್ದು. ಎಂಟು ತಿಂಗಳು ಅದೇ ಮಾತು ಹೇಳಿಕೊಂಡು ತಿರುಗಿದವನು ನಾನು.

ನನ್ನದು ನಿನಗೆ ಅರ್ಧ ಮಾತ್ರ ಗೊತ್ತು. ನನ್ನ ರೈಲು ತಿಪಟೂರು ದಾಟಿ ಹೊನ್ನವಳ್ಳಿ ರೋಡ್ ಸ್ಟೇಷನ್ ಕಡೆಗೆ ಹೊರಟಿತ್ತು. ಎರಡೂ ಬದಿ ತೆಂಗಿನ ತೋಟ, ಗಂಟೆಗೆ ನೂರು ಕಿಲೋಮೀಟರ್ ವೇಗ. ತೋಟದೊಳಗಿಂದ ಸೈಕಲ್ ತಳ್ಳಿಕೊಂಡು ವಯಸ್ಸಾದವರೊಬ್ಬರು ಹಳಿ ಮೇಲೆ ಬಂದರು. ಹಾರ್ನ್ ಕೇಳಿ ತಲೆ ಎತ್ತಿದವರು ಓಡಲಿಲ್ಲ, ಕೈ ಅಡ್ಡ ಹಿಡಿದರು. ಹಳ್ಳಿಯ ಗೇಟಿನಲ್ಲಿ ನಿಂತು ಬಸ್ಸಿಗೆ ಹಿಡಿಯುತ್ತಾರಲ್ಲ, ಥೇಟ್ ಹಾಗೆ. ಎಮರ್ಜೆನ್ಸಿ ಬ್ರೇಕಿಗೆ ಬ್ರೇಕ್ ಪೈಪಿನ ಗಾಳಿಯ ಒತ್ತಡ ತೋರಿಸುವ ಮುಳ್ಳು 5 ಕೆ.ಜಿ.ಯಿಂದ ಸೊನ್ನೆಗೆ ಬಿತ್ತು. ಮುಂದಿನದನ್ನು ನಿನಗೆ ಬಿಡಿಸಿ ಹೇಳಬೇಕಿಲ್ಲ.

ಆ ರಾತ್ರಿ, ಡ್ಯೂಟಿ ನಡುವೆ ನಾವು ತಂಗುವ ರನ್ನಿಂಗ್ ರೂಮಿನಲ್ಲಿ ಊಟ ಮಾಡಿದೆ, ನಿದ್ದೆಯೂ ಬಂತು. ತೊಂದರೆ ಶುರುವಾದದ್ದು ಮೂರು ವಾರ ಕಳೆದ ಮೇಲೆ. ಮಗಳ ಜೊತೆ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದವರು ಕೈ ಅಡ್ಡ ಹಿಡಿದರು, ನನ್ನ ಅಂಗಿ ಬೆವರಿನಲ್ಲಿ ತೊಯ್ದುಹೋಯಿತು. ಅಂದಿನಿಂದ ಆ ರಸ್ತೆಯನ್ನೇ ಬಿಟ್ಟು ಪೇಟೆಗೆ ಸುತ್ತಿ ಬಳಸಿ ಹೋಗತೊಡಗಿದೆ. ಮನೆಯಲ್ಲಿ ಕುಕ್ಕರ್ ಕೂಗಿದರೂ ರೇಗುತ್ತಿದ್ದೆ. ಹಿರಿಯರೊಬ್ಬರು "ಒಂದು ಕ್ವಾರ್ಟರ್ ಹಾಕಿ ಮಲಗು" ಎಂದರು. ಡ್ಯೂಟಿಗೆ ಮೊದಲು ಊದಿಸುವ ಯಂತ್ರಕ್ಕೆ ದುಃಖದ ಕುಡಿತ, ಹಬ್ಬದ ಕುಡಿತ ಎಂಬ ಭೇದವಿಲ್ಲ. ಆ ಯಂತ್ರದ ಭಯವೇ ನನ್ನನ್ನು ಕಾಯಿತು ಎನ್ನಬೇಕು.

ಕೊನೆಗೆ 14416ಕ್ಕೆ ಫೋನ್ ಮಾಡಿದವಳು ನನ್ನ ಹೆಂಡತಿ. ಟೆಲಿ ಮಾನಸ್, ಮಾನಸಿಕ ಆರೋಗ್ಯಕ್ಕೆಂದು ಸರ್ಕಾರ 2022ರಲ್ಲಿ ಶುರು ಮಾಡಿದ ಉಚಿತ ಸಹಾಯವಾಣಿ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಂದ ದಾರಿ ಸಿಕ್ಕಿ ಮನಶ್ಶಾಸ್ತ್ರಜ್ಞೆಯೊಬ್ಬರ ಬಳಿ ಹೋದೆ. ವಾರಕ್ಕೊಮ್ಮೆ, ಒಂದೂವರೆ ಗಂಟೆ, ಹನ್ನೆರಡು ವಾರ. ಸಮಾಧಾನ ಹೇಳುತ್ತಾರೆ ಎಂದುಕೊಂಡಿದ್ದೆ. ಅವರೋ, ಕಣ್ಣು ಮುಚ್ಚಿಸಿ, ಈಗ ತಾನೇ ನಡೆಯುತ್ತಿದೆ ಎಂಬಂತೆ ಮೊದಲಿನಿಂದ ಕೊನೆಯವರೆಗೆ ಹೇಳಿಸಿದರು. ಅದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿಕೊಂಡು ಮನೆಯಲ್ಲಿ ದಿನವೂ ಕೇಳಬೇಕು. ಮೊದಲ ವಾರ ಮೊಬೈಲನ್ನೇ ಬಾವಿಗೆ ಎಸೆಯೋಣ ಎನಿಸಿತು. ಆರನೆಯ ವಾರದ ಹೊತ್ತಿಗೆ ಕೇಳಿ ಕೇಳಿ ಬೇಸರ ಬಂದಿತ್ತು. ಒಂದು ಸಾವಿನ ಕಥೆ ಬೇಸರ ತರಿಸುತ್ತಿದೆ ಎಂದು ಹೇಳಲು ನಾಚಿಕೆಯಾಯಿತು. ಅವರು ಮಾತ್ರ, ಇದಕ್ಕೇ ಕಾಯುತ್ತಿದ್ದವರಂತೆ ತಲೆಯಾಡಿಸಿದರು.

ಬ್ರೇಕ್ ತಡವಾಗಿ ಹಾಕಿದೆ ಎಂಬ ಕೊರಗು ನಿನಗೂ ಇರುತ್ತದೆ. ನೂರರ ವೇಗದಲ್ಲಿ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರ್ ಹೋಗುತ್ತದೆ. ಆ ಸೈಕಲ್ಲಿನವರು ನನಗೆ ಕಂಡದ್ದು ಮುನ್ನೂರು ಮೀಟರ್ ದೂರದಲ್ಲಿ. ಸಾವಿರ ಟನ್ನಿನ ಗಾಡಿ ಅಷ್ಟರಲ್ಲಿ ನಿಲ್ಲುವುದಿಲ್ಲ ಎಂದು ಕಿರಿಯರಿಗೆ ಪಾಠ ಹೇಳಿದವನೇ ನಾನು. ಆ ಲೆಕ್ಕ ತಲೆಗೆ ಹತ್ತಿತ್ತು, ಎದೆಗೆ ಹತ್ತಿರಲಿಲ್ಲ. ಎಷ್ಟನೆಯ ಸಲವೋ ಹೇಳುವಾಗ, ಅಸಿಸ್ಟೆಂಟ್ ಕೂಗುವ ಮೊದಲೇ ನನ್ನ ಕೈ ಬ್ರೇಕಿಗೆ ಹೋಗಿತ್ತು ಎಂಬುದು ನೆನಪಾಯಿತು. ಅಷ್ಟು ದಿನ ಅದು ಎಲ್ಲಿ ಅಡಗಿತ್ತೋ.

ಬಸ್ ನಿಲ್ದಾಣದಲ್ಲಿ ದಿನಕ್ಕೆ ಅರ್ಧ ಗಂಟೆ ಕೂರುವುದು ಇನ್ನೊಂದು ಮನೆಗೆಲಸ. ನಾಲ್ಕನೆಯ ದಿನ ಬುಟ್ಟಿ ಹೊತ್ತ ಅಜ್ಜಿಯೊಬ್ಬರು "ಅಪ್ಪಾ, ಆ ಬಸ್ಸಿಗೆ ಒಂದು ಕೈ ಹಿಡಿ" ಎಂದರು. ಹಿಡಿದೆ. ಬಸ್ ನಿಂತಿತು. ಅಜ್ಜಿ ಹತ್ತಿ ಹೋದರು, ನಾನು ಬೆಂಚಿನ ಮೇಲೆ ಕೂತು ಅತ್ತೆ.

ಅರಸೀಕೆರೆಯಲ್ಲಿ ಇಂಥದ್ದೇ ಅನುಭವವಾದ ನಾವು ಆರು ಜನ ಸೇರುತ್ತೇವೆ, ಇಬ್ಬರು ನಿವೃತ್ತರು. ಅವರಿಗೆ ನಾವೆಲ್ಲ ಇನ್ನೂ ಡ್ರೈವರುಗಳೇ, ಲೋಕೋ ಪೈಲಟ್ ಎಂಬ ಈಗಿನ ಹೆಸರು ಬಾಯಿಗೆ ಬರುವುದಿಲ್ಲ. ಮೊದಮೊದಲು "ನನ್ನದು ನಿನ್ನದಕ್ಕಿಂತ ಘೋರ" ಎಂಬ ಪೈಪೋಟಿ ನಡೆಯುತ್ತಿತ್ತು, ಮನೆಗೆ ಹೋದ ಮೇಲೆ ಇನ್ನಷ್ಟು ಕೆಟ್ಟ ಕನಸು ಬೀಳುತ್ತಿತ್ತು. ಈಗ ಹಳಿ ಮೇಲೆ ಕಂಡದ್ದನ್ನು ವರ್ಣಿಸುವುದಿಲ್ಲ, ಆಮೇಲೆ ನಮಗೇನಾಯಿತು ಎಂಬುದನ್ನಷ್ಟೇ ಹೇಳುತ್ತೇವೆ. "ಮರೆತುಬಿಡು" ಎಂದವನು ಎಲ್ಲರ ಟೀಗೂ ದುಡ್ಡು ಕೊಡಬೇಕು. ನಿವೃತ್ತರಲ್ಲಿ ಒಬ್ಬರು ಮೂವತ್ತು ವರ್ಷದ ಹಿಂದಿನದನ್ನು ಮೊದಲ ಸಲ ಬಾಯಿಬಿಟ್ಟದ್ದು ಅಲ್ಲೇ. ಅವರ ಹೆಂಡತಿಗೂ ಅದು ಗೊತ್ತಿರಲಿಲ್ಲ. ಮನಶ್ಶಾಸ್ತ್ರಜ್ಞೆಗೆ ಬ್ರೇಕ್ ಪೈಪ್ ಎಂದರೇನು ಎಂದು ವಿವರಿಸಬೇಕಿತ್ತು. ಇಲ್ಲಿ ಆ ಶ್ರಮವಿಲ್ಲ. ಆದರೆ ಅಲ್ಲಿ ಹನ್ನೆರಡು ವಾರ ಕೂರದಿದ್ದರೆ ಇಲ್ಲಿ ಬಾಯಿ ತೆರೆಯುವ ಧೈರ್ಯ ನನಗೆ ಬರುತ್ತಿರಲಿಲ್ಲ.

ಪೂರ್ತಿ ಹೋಯಿತೇ ಎಂದು ಕೇಳಬೇಡ. ಆ ತೋಟ ಬಂದಾಗ ಹಾರ್ನ್ ಈಗಲೂ ತುಸು ಬೇಗ, ತುಸು ಉದ್ದ ಆಗುತ್ತದೆ.

ಈ ಭಾನುವಾರ ಬೆಳಿಗ್ಗೆ ಹತ್ತಕ್ಕೆ ಬಾ. ಮಾತಾಡಲೇಬೇಕೆಂದಿಲ್ಲ. ಮೊದಲ ಸಲ ನಾನೂ ಎರಡು ಟೀ ಕುಡಿದು ಸುಮ್ಮನೆ ಎದ್ದು ಬಂದಿದ್ದೆ.

ನಿನ್ನ ಗೆಳೆಯ