ಎಲ್ಲಕ್ಕೂ ‘ವಿಧಿ’ ಸಾಲದು

ಉಡುಪಿ

ಪ್ರಿಯ ಮಿತ್ರರೇ,

ನೀವು ಕಳುಹಿಸಿದ ಕಥೆಯ ಅನುವಾದವನ್ನು ಓದಿದೆ. ಕನ್ನಡ ಸರಾಗವಾಗಿದೆ. ಆದರೆ ಇಂಗ್ಲಿಷ್ ಮೂಲದಲ್ಲಿ ಫೇಟ್, ಡೆಸ್ಟಿನಿ, ಲಾಟ್, ಡೂಮ್ ಎಂದು ಬೇರೆ ಬೇರೆಯಾಗಿ ಬಂದಲ್ಲೆಲ್ಲ ನೀವು ‘ವಿಧಿ’ ಎಂದೇ ಬರೆದಿರುವುದರಿಂದ ಕಥೆಯ ತಾಯಿ, ಮಗ, ನ್ಯಾಯಾಧೀಶ ಮೂವರೂ ಒಂದೇ ದನಿಯಲ್ಲಿ ಮಾತನಾಡುವಂತಾಗಿದೆ. ಪದವನ್ನು ಆಯುವ ಮೊದಲು, ಆಗುವುದನ್ನು ಆಗಿಸುತ್ತಿರುವವರು ಯಾರೆಂದು ಪಾತ್ರ ನಂಬಿದೆ ಎಂಬುದನ್ನು ನೋಡಿ.

ಫೇಟ್‌ನ ಮೂಲ ಲ್ಯಾಟಿನ್ನಿನ ‘ಫಾಟುಮ್’, ಅಂದರೆ ನುಡಿದದ್ದು. ಭೂತಕೋಲದಲ್ಲಿ ದೈವದ ನುಡಿ ಕೇಳಿ ಬೆಳೆದ ಕರಾವಳಿಯ ನಮಗೆ ಇದು ಹತ್ತಿರದ್ದೆನಿಸುತ್ತದೆ; ಎಚ್ಚರ ಬೇಕಾದದ್ದೂ ಅಲ್ಲಿಯೇ. ದೈವದ ಮುಂದೆ ಮನೆಯವರು ಕೈಮುಗಿದು ನಿಂತು ಅಹವಾಲು ಹೇಳಿಕೊಳ್ಳುತ್ತಾರೆ, ದೈವ ಗದರಿಸುತ್ತದೆ, ಅಭಯವನ್ನೂ ಕೊಡುತ್ತದೆ. ಫೇಟ್ ಒಮ್ಮೆ ನುಡಿದ ಮೇಲೆ ಯಾರ ಮಾತಿಗೂ ಕಿವಿಗೊಡುವುದಿಲ್ಲ. ಗ್ರೀಕರ ಮೂವರು ವಿಧಿದೇವತೆಯರಲ್ಲಿ ಕ್ಲೋಥೋ ಬದುಕಿನ ನೂಲು ತೆಗೆಯುತ್ತಾಳೆ, ಲ್ಯಾಕೆಸಿಸ್ ಅಳೆಯುತ್ತಾಳೆ, ಆಟ್ರೊಪೊಸ್ ಕತ್ತರಿಸುತ್ತಾಳೆ. ಕೊನೆಯವಳ ಹೆಸರಿನ ಅರ್ಥವೇ ತಿರುಗಿಸಲಾಗದವಳು. ಫೇಟ್‌ಗೆ ‘ದೈವ’ ಎಂದು ಬರೆದರೆ ಧಾರವಾಡದ ಓದುಗರಿಗೆ ಸರಿಹೋದೀತು, ನಮ್ಮವರ ಕಣ್ಣೆದುರು ಮಾತ್ರ ಕಾಲಿಗೆ ಗಗ್ಗರ ಕಟ್ಟಿದ ಪಂಜುರ್ಲಿ ದೈವವೇ ಬಂದು ನಿಲ್ಲುತ್ತದೆ. ಇಲ್ಲಿ ‘ವಿಧಿ’ ಇರಲಿ, ಪತ್ರಿಕೆಗಳ ನಿಧನ ವಾರ್ತೆಯ ‘ವಿಧಿವಶರಾದರು’ ಅದನ್ನು ಎಷ್ಟೇ ಸವೆಸಿದ್ದರೂ.

ಡೆಸ್ಟಿನಿಯ ಹಿಂದಿರುವುದು ಗಟ್ಟಿಯಾಗಿ ನೆಲೆಗೊಳಿಸುವುದೆಂಬ ಅರ್ಥದ ಲ್ಯಾಟಿನ್ ಕ್ರಿಯಾಪದ; ಡೆಸ್ಟಿನೇಶನ್ ಕೂಡ ಅದರಿಂದಲೇ ಬಂದದ್ದು, ಆದ್ದರಿಂದ ಅದರಲ್ಲಿ ಸೇರಬೇಕಾದ ಊರೊಂದರ ನಿರೀಕ್ಷೆ ಇದೆ. 1947ರ ಆಗಸ್ಟ್ 14ರ ರಾತ್ರಿ ಸಂವಿಧಾನ ಸಭೆಯಲ್ಲಿ ನೆಹರೂ ಬಳಸಿದ್ದು ಡೆಸ್ಟಿನಿಯನ್ನು. ಫೇಟ್ ಎಂದಿದ್ದರೆ ಸಂಭ್ರಮಕ್ಕೆ ಸೂತಕದ ಛಾಯೆ ಬೀಳುತ್ತಿತ್ತು. ಹಡಗು ಹತ್ತುವ ಮಗನ ಬಾಯಲ್ಲಿ ‘ನನಗೆ ಈ ಯೋಗವಿತ್ತು’ ಎಂಬ ಮಾತು ಬರಲಿ.

ಲಾಟ್ ಎಂದರೆ ಚೀಟಿ ಎತ್ತಿದಾಗ ಕೈಗೆ ಬಂದದ್ದು. ಪಾಲಿಗೆ ಬಂದದ್ದು ಪಂಚಾಮೃತ ಎನ್ನುವ ನಮಗೆ ಇದನ್ನು ವಿವರಿಸಬೇಕಾಗಿಲ್ಲ. (ಕಿಸ್ಮತ್ ಸಹ ಅರಬ್ಬಿಯಲ್ಲಿ ಪಾಲೇ.) ತಾಯಿಗೆ ‘ನನ್ನ ಪಾಲಿಗೆ ಬಂದದ್ದು’ ಸಾಕು.

ಡೂಮ್ ಹಳೆಯ ಇಂಗ್ಲಿಷಿನಲ್ಲಿ ತೀರ್ಪು ಎಂಬ ಅರ್ಥದ್ದು. ಇಂಗ್ಲೆಂಡಿನ ಜಮೀನು-ಆಸ್ತಿಗಳನ್ನು ದಾಖಲಿಸಿದ 1086ರ ಡೂಮ್ಸ್‌ಡೇ ಪುಸ್ತಕದ ಹೆಸರಿನಲ್ಲಿರುವುದೂ ಅದೇ. ಇಂದು ಉಳಿದಿರುವುದು ಕೇಡಿನ ನೆರಳು ಮಾತ್ರ. ನ್ಯಾಯಾಧೀಶನ ಮಾತಿಗೆ ‘ಅವನ ಗತಿ ತೀರ್ಮಾನವಾಯಿತು’ ಒಪ್ಪುತ್ತದೆ.

ಕೊನೆಯ ಪುಟದಲ್ಲಿ ಒಂದೇ ಒಂದು ಕಡೆ ನೀವು ‘ಹಣೆಬರಹ’ ಎಂದಿದ್ದೀರಿ. ಅಲ್ಲಿ ಬರುವ ಮುದುಕಿ ಹಣೆ ಚಚ್ಚಿಕೊಳ್ಳುತ್ತಲೇ ಮಾತನಾಡುತ್ತಿದ್ದಾಳೆ, ಅದನ್ನು ಮುಟ್ಟಬೇಡಿ.

ನಿಮ್ಮ ವಿಶ್ವಾಸಿ