ನಿಮ್ಮಮ್ಮ ಕೊಟ್ಟ ಕಿಡ್ನಿ

ಮೂಡಿಗೆರೆ, ಭಾನುವಾರ

ಪುಟ್ಟಾ,

ನಿನ್ನೆ ನಿಮ್ಮಮ್ಮ ಫೋನ್ ಮಾಡಿದ್ದಳು. ಅವಳ ಕಿಡ್ನಿ ಹಾಕಿಸಿಕೊಂಡವನು ನೀನು, ಈ ತಿಂಗಳು ರಕ್ತಪರೀಕ್ಷೆಗೆ ಹೋಗಲೇ ಇಲ್ಲವಂತೆ. "ಚೆನ್ನಾಗೇ ಇದ್ದೀನಿ, ಸುಮ್ನೆ ದುಡ್ಡು ದಂಡ" ಅಂದೆಯಂತೆ.

ನಿಮ್ಮ ದೊಡ್ಡಪ್ಪನೂ ಚೆನ್ನಾಗೇ ಇದ್ದರು ಕಣೋ. ನನ್ನ ಕಿಡ್ನಿ ಹಾಕಿಸಿಕೊಂಡು ಏಳನೇ ತಿಂಗಳು. ಜ್ವರ ಇಲ್ಲ, ನೋವಿಲ್ಲ, ಜಗಲಿಯಲ್ಲಿ ಕೂತು ಕಾಫಿ ಕೊಯ್ಲಿನ ಲೆಕ್ಕ ಬರೆಯುತ್ತಿದ್ದರು. ರಕ್ತದ ಕ್ರಿಯಾಟಿನಿನ್ ಮಾತ್ರ, ಅದೇ ಕಿಡ್ನಿ ಸೋಸಿ ಹೊರಹಾಕಬೇಕಾದ ಕಸ, 1.2 ಇದ್ದದ್ದು 1.9 ಆಗಿತ್ತು. ದೇಹ ನನ್ನ ಕಿಡ್ನಿಯನ್ನು ಒಪ್ಪುತ್ತಿಲ್ಲ ಅಂದುಕೊಂಡು ಬಸ್ಸಲ್ಲೇ ಅತ್ತೆ. ಕಿಡ್ನಿಯ ಸಣ್ಣ ಚೂರು ತೆಗೆದು ಬಯಾಪ್ಸಿ ಮಾಡಿ ನೋಡಿದರೆ ಬಿಕೆ ವೈರಸ್! ಬಯಾಪ್ಸಿ ಮಾಡದೆ ರಿಜೆಕ್ಷನ್ ಅಂತ ರೋಗ ತಡೆಯೋ ಶಕ್ತಿ ತಗ್ಗಿಸೋ ಮಾತ್ರೆ ಏರಿಸಿದ್ದರೆ ಆ ವೈರಸ್ಸಿಗೆ ಹಬ್ಬವಾಗುತ್ತಿತ್ತು.

1971ರಲ್ಲಿ ಕಿಡ್ನಿ ಕಸಿಯಾದ ಒಬ್ಬರ ಮೂತ್ರದಲ್ಲಿ ಇದು ಸಿಕ್ಕಿತ್ತಂತೆ, ಅವರ ಹೆಸರಿನ ಮೊದಲಕ್ಷರಗಳೇ ಇದಕ್ಕೆ ಹೆಸರು. ಪಾಪ, ಎಂಥಾ ಕೀರ್ತಿ ನೋಡು. ಬಹಳ ಜನಕ್ಕೆ ಚಿಕ್ಕಂದಿನಲ್ಲೇ ಅಂಟಿ ಕಿಡ್ನಿಯಲ್ಲಿ ಸದ್ದಿಲ್ಲದೆ ಕೂತಿರುತ್ತದೆ. ದೇಹ ಹೊಸ ಕಿಡ್ನಿಯ ಮೇಲೆ ಬೀಳದಿರಲಿ ಅಂತ ನಿನಗೆ ಟ್ಯಾಕ್ರೋಲಿಮಸ್, ಮೈಕೋಫೆನೊಲೇಟ್ ಮಾತ್ರೆ ಕೊಟ್ಟು ರೋಗ ತಡೆಯೋ ಶಕ್ತಿಯನ್ನೇ ತಗ್ಗಿಸಿದ್ದಾರಲ್ಲ, ಅಂಥ ಹೊತ್ತಲ್ಲೇ ಅದು ಏಳುವುದು. ಕಿಡ್ನಿಯ ಸಣ್ಣ ನಾಳಗಳ ಜೀವಕೋಶದೊಳಗೆ ಹೊಕ್ಕು, ಅಲ್ಲೇ ಹೆಚ್ಚಿ, ಕೋಶ ಒಡೆದು ಪಕ್ಕದ್ದಕ್ಕೆ ಹೋಗುತ್ತದೆ. ಜಾಸ್ತಿ ದಿನ ಬಿಟ್ಟರೆ ಅಲ್ಲಿ ಕಲೆ ಕಟ್ಟುತ್ತದೆ, ಆ ಕಲೆ ಮತ್ತೆ ಕಿಡ್ನಿಯಾಗಲ್ಲ. ನಮ್ಮ ಅರೇಬಿಕಾ ಗಿಡಕ್ಕೆ ಬೋರರ್ ಹುಳ ಬಿದ್ದಾಗಲೂ ಹಾಗೇ ಅಲ್ವಾ, ಎಲೆ ಹಳದಿಯಾಗೋ ಹೊತ್ತಿಗೆ ಕಾಂಡದೊಳಗೆ ಸುರಂಗ ಆಗಿರುತ್ತದೆ.

ಇದನ್ನು ಖಾತ್ರಿಯಾಗಿ ಕೊಲ್ಲೋ ಔಷಧಿ ಇಲ್ಲ. ಡಾಕ್ಟರು ಆ ಶಕ್ತಿ ತಗ್ಗಿಸೋ ಮಾತ್ರೆಯನ್ನೇ ಸ್ವಲ್ಪ ಸ್ವಲ್ಪ ಇಳಿಸಿದರು. ತೀರಾ ಇಳಿಸಿದರೆ ದೇಹ ಕಿಡ್ನಿಯ ಮೇಲೆ ತಿರುಗಿ ಬೀಳುತ್ತದೆ, ಇಳಿಸದಿದ್ದರೆ ವೈರಸ್ ತಿನ್ನುತ್ತದೆ. ಹದಿನೈದು ದಿನಕ್ಕೊಮ್ಮೆ ಪಿಸಿಆರ್‌ನಲ್ಲಿ ರಕ್ತದ ವೈರಸ್ ಎಷ್ಟಿದೆ ಅಂತ ನೋಡಿಸುತ್ತಾ ನಾಲ್ಕು ತಿಂಗಳು ಓಡಾಡಿದೆವು. ಈಗ ಕ್ರಿಯಾಟಿನಿನ್ 1.6ಕ್ಕೆ ನಿಂತಿದೆ, 1.2 ಮತ್ತೆ ಬರಲಿಲ್ಲ. ನಿಜ ಹೇಳಬೇಕಂದ್ರೆ ಕೊಯ್ಲು ಅಂತ ನಾವೂ ಎರಡು ತಿಂಗಳ ಪರೀಕ್ಷೆ ತಪ್ಪಿಸಿದ್ದೆವು.

ದೊಡ್ಡಪ್ಪನಿಗೆ ಇಳಿಸಿದರಲ್ಲ ಅಂತ ನೀನೇ ಮಾತ್ರೆ ಬಿಟ್ಟುಬಿಟ್ಟೀಯ ಮತ್ತೆ! ಮೊದಲ ಒಂಬತ್ತು ತಿಂಗಳು ತಿಂಗಳಿಗೊಮ್ಮೆ, ಆಮೇಲೆ ಎರಡು ವರ್ಷ ತುಂಬೋವರೆಗೆ ಮೂರು ತಿಂಗಳಿಗೊಮ್ಮೆ ಬಿಕೆ ಪರೀಕ್ಷೆ ಮಾಡಿಸಬೇಕು ಅಂತ ನಮ್ಮ ಡಾಕ್ಟರು ಹೇಳಿದ್ದರು. ನಿನ್ನ ಚೀಟಿಯಲ್ಲಿ ಅದು ಇದೆಯಾ ನೋಡು, ಇಲ್ಲದಿದ್ದರೆ ಬಾಯಿಬಿಟ್ಟು ಕೇಳು.

ನಾಳೆ ರಕ್ತ ಕೊಟ್ಟು, ರಿಪೋರ್ಟ್ ಬಂದ ತಕ್ಷಣ ವಾಟ್ಸಾಪ್‌ಗೆ ಹಾಕು. ದುಡ್ಡು ಕಳಿಸಿದ್ದೀನಿ, ನಿಮ್ಮಮ್ಮನಿಗೆ ಹೇಳಬೇಡ.

ನಿನ್ನ ದೊಡ್ಡಮ್ಮ